ಹಳೆಯ ನಿಯಮದಂತೆ

ದಮ್ಮಾಮ್
20-6-1998

ಪ್ರೀತಿಯ ಅಕ್ಕ ಜುಲೈಕಾಗೆ,

ಅಸ್ಸಲಾಮು ಅಲೈಕುಂ. ಮನೆಯವರೆಲ್ಲ ಹೇಗಿದ್ದೀರಿ ಎಂದು ಕೊನೆಯಲ್ಲಿ ಕೇಳುತ್ತೇನೆ. ಮೊದಲು ನನ್ನ ಹೊಟ್ಟೆಯುರಿ ಕೇಳು.

ವಿಶ್ವಕಪ್ ನೋಡುವುದಕ್ಕೆಂದೇ ನಮ್ಮ ರೂಮಿನವರೆಲ್ಲ ಸೇರಿ ದೊಡ್ಡ ಟಿ.ವಿ. ತಂದಿದ್ದೆವು. ಮೊನ್ನೆ ಫ್ರಾನ್ಸ್ ಎದುರು ಸೌದಿಯ ಪಂದ್ಯ. ಆಟ ಬಿಸಿಯೇರುವ ಮೊದಲೇ ಸೌದಿಯ ಆಟಗಾರನೊಬ್ಬನಿಗೆ ಕೆಂಪು ಕಾರ್ಡ್ ತೋರಿಸಿ ಹೊರಗೆ ಕಳಿಸಿದರು. ಯಾಕೆ ಗೊತ್ತುಂಟಾ? ಹಿಂದಿನಿಂದ ಕಾಲು ಹಾಕಿದ್ದಕ್ಕೆ. ಈ ಸಲ ಹೊಸ ನಿಯಮವಂತೆ. ಚೆಂಡಿನೊಂದಿಗೆ ಓಡುವವನ ಬೆನ್ನ ಹಿಂದಿನಿಂದ ಬಂದು ಕಾಲಿಗೆ ಬಿದ್ದರೆ ಬುದ್ಧಿವಾದ ಇಲ್ಲ, ಹಳದಿ ಇಲ್ಲ, ನೇರ ಕೆಂಪು. ಆಟಗಾರರ ಕಾಲಿನ ರಕ್ಷಣೆಗಂತೆ! ಉಳಿದವರು ಹತ್ತೇ ಜನ, ನಾಲ್ಕು ಗೋಲು ತಿಂದರು. ರೂಮಿನಲ್ಲಿ ಒಬ್ಬರ ಗಂಟಲಲ್ಲೂ ಊಟ ಇಳಿಯಲಿಲ್ಲ. ನಾನಂತೂ ಟಿ.ವಿ.ಗೆ ಚಪ್ಪಲಿ ಎಸೆದೆ.

ಕಾಲಿನ ಚಿಂತೆ ಇದ್ದವರು ಕೇರಂ ಆಡಲಿ ಅಕ್ಕ. ಇದು ಫುಟ್ಬಾಲ್. ಇನ್ನು ಮೇಲೆ ಆಟಗಾರರು ಒಬ್ಬರನ್ನೊಬ್ಬರು ಮುಟ್ಟುವ ಮೊದಲು ಅನುಮತಿ ಕೇಳಬೇಕೋ ಏನೋ. ನೋಡಿ ನೋಡಿ ಹೇಸಿಗೆಯಾಗಿದೆ.

ಭಾವನ ಅಂಗಡಿಯ ಬೆಂಚಿನವರು ಏನು ಹೇಳುತ್ತಾರೆ, ಬರೆ. ಅಳಿಯ ಉನೈಸನಿಗೆ ಒಳ್ಳೆಯ ಬೂಟು ತೆಗೆದಿಟ್ಟಿದ್ದೇನೆ. ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತೇನೆ. ನೀವೆಲ್ಲ ಸೌಖ್ಯವೇ?

ನಿನ್ನ ತಮ್ಮ
ಇಮ್ತಿಯಾಝ್

*

ನರಿಕೊಂಬು
8-7-1998

ತಮ್ಮ ಇಮ್ತಿಯಾಝ್‌ಗೆ,

ಸಲಾಂ. ನನ್ನ ಹೆಸರಿಗೆ ಬಂದ ಕಾಗದವನ್ನು ನಿನ್ನ ಭಾವ ಪಾಣೆಮಂಗಳೂರಿನ ಅಂಗಡಿಯಲ್ಲೇ ಒಡೆದು, ಬೆಂಚಿನವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದರಂತೆ. ಚಪ್ಪಲಿ ಎಸೆದ ಜಾಗಕ್ಕೆ ಬಂದಾಗ ಚಪ್ಪಾಳೆಯಂತೆ. ನನಗೆ ಅದು ಸಿಕ್ಕಿದ್ದು ಸಂಜೆ, ಮೀನಿನ ಚೀಲದ ಜೊತೆ. ಬಂಗುಡೆಯ ವಾಸನೆಯೊಂದಿಗೆ ನಿನ್ನ ಹೊಟ್ಟೆಯುರಿ ಓದಿದೆ.

ಬೆಂಚಿನವರು ಏನು ಹೇಳುತ್ತಾರೆ ಎಂದು ಕೇಳಿದ್ದೀಯಲ್ಲ. ನಿನ್ನ ಹಾಗೆಯೇ ಹೇಳುತ್ತಾರೆ. ಬಸ್ಸಿನ ಏಜೆಂಟ್ ಗುರುವಪ್ಪ, "ಇನ್ನು ಆಟಗಾರರಿಗೆಲ್ಲ ಬಳೆ ತೊಡಿಸ್ಲಿ ಮಾರಾಯ್ರೆ, ಹೆಂಗಸರ ಆಟ ಆಯ್ತು ಇದು" ಎಂದನಂತೆ. ಅಕ್ಕಿಗೆ ಬಂದವರು, ಬೆಲ್ಲಕ್ಕೆ ಬಂದವರು ಎಲ್ಲರೂ ಹೌದು ಹೌದು ಎಂದರಂತೆ. ನಿನ್ನ ಭಾವ ಹಾಜಬ್ಬರು ಮನೆಗೆ ಬಂದು ಅದನ್ನೇ ನನ್ನೆದುರು ಹೇಳಿ ನಕ್ಕರು. ಬಳೆ ತೊಟ್ಟ ಕೈಯಲ್ಲೇ ಅವರಿಗೆ ಊಟ ಬಡಿಸುತ್ತಿದ್ದೆ. ಮೀನಿನ ತುಂಡು ಬಡಿಸದೆ ಎದ್ದು ಹೋದೆ.

ಹೆಂಗಸರ ಆಟ ಎಂದರೆ ಯಾವುದು? ನಾನು ಸಣ್ಣವಳಿದ್ದಾಗ ಆಡಿದ್ದು ಕುಂಟೆಬಿಲ್ಲೆ. ಅದರಲ್ಲಿ ಯಾರೂ ಯಾರ ಕಾಲನ್ನೂ ಮುರಿಯುತ್ತಿರಲಿಲ್ಲ. ನಾನೂ ಒಂದು ಪಂದ್ಯ ಕೂತು ನೋಡಿದೆ. ಎದುರಿನಿಂದ ಚೆಂಡು ಕಸಿಯಲಿಕ್ಕೆ ಆಗದವನು, ಓಡಿ ಹಿಡಿಯಲಿಕ್ಕೂ ಆಗದವನು, ಬೆನ್ನ ಹಿಂದಿನಿಂದ ಬಂದು ಬೀಳಿಸುತ್ತಾನೆ. ಇದರಲ್ಲಿ ಗಂಡಸುತನ ಎಲ್ಲಿ ಬಂತು ಎಂದು ನನಗೆ ಯಾರಾದರೂ ಹೇಳಿಕೊಡಬೇಕು.

ಉನೈಸ್ ಫಾರ್ವರ್ಡ್ ಆಡುವವನು. ಓಡುವವನು. ಆಟ ಮುಗಿಸಿ ಬಂದಾಗ ಅವನ ಕಾಲಿಗೆ ಎಣ್ಣೆ ತಿಕ್ಕುವವಳು ನಾನು. ಮೊಣಕಾಲಿನಿಂದ ಕೆಳಗೆ, ಹಿಂಬದಿಯಲ್ಲಿ, ಹೇಗೆ ಗೀರು ಬಿದ್ದಿದೆ ಎಂದು ನೀನು ನೋಡಿಲ್ಲ. ನನಗಿರುವುದು ಒಬ್ಬನೇ ಮಗ. ಫ್ರಾನ್ಸಿನಲ್ಲಿ ಯಾರೋ ಪುಣ್ಯಾತ್ಮರು ಅವನ ಕಾಲಿನ ಬಗ್ಗೆ ಯೋಚಿಸಿದ್ದಾರೆ. ಅವನ ಸ್ವಂತ ಮಾಮ ಚಪ್ಪಲಿ ಎಸೆಯುತ್ತಾನೆ.

ಬೂಟು ಕಳಿಸು. ಚಪ್ಪಲಿ ಕಾಲಲ್ಲೇ ಇರಲಿ.

ಅಕ್ಕ
ಜುಲೈಕಾ

*

ದಮ್ಮಾಮ್
18-10-1998

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದಕ್ಕೆ ಬೇಗ ಉತ್ತರ ಬರೆಯಲಿಲ್ಲ. ಬರೆದಿದ್ದರೆ ಜಗಳವಾಗುತ್ತಿತ್ತು. ನಿನಗೆ ಆಟ ಗೊತ್ತಿಲ್ಲ, ಅದು ನಿನ್ನ ತಪ್ಪಲ್ಲ.

ಈಗ ಸಂತೋಷದ ಸುದ್ದಿ. ತೋಡಾರಿನ ಹುಡುಗರು ಫೆಬ್ರವರಿಯಲ್ಲಿ, ಕೊಯ್ಲು ಮುಗಿದ ಗದ್ದೆಯಲ್ಲಿ, ಫುಟ್ಬಾಲ್ ಪಂದ್ಯಾಟ ಇಡುತ್ತಾರಂತೆ. ಕಪ್ ಕೊಡಲು ನನ್ನನ್ನು ಕೇಳಿದರು. ಮೂರು ತಾಲೂಕಿನ ಟೀಮು ಬರುತ್ತದೆ. ನಮ್ಮ ನರಿಕೊಂಬಿನವರೂ ಇದ್ದಾರೆ, ಉನೈಸ್ ಆಡುತ್ತಾನೆ. ಸೊಂಟದೆತ್ತರದ ಕಪ್ ಕೊಡುತ್ತೇನೆ ಎಂದೆ. ಒಂದೇ ಷರತ್ತು ಹಾಕಿದ್ದೇನೆ. ಈ ಹೊಸ ನಿಯಮ ಅಲ್ಲಿ ಬೇಡ. ಅದನ್ನು ಹ್ಯಾಂಡ್‌ಬಿಲ್ಲಿನಲ್ಲೇ ಅಚ್ಚು ಹಾಕಬೇಕು. ಅವರು ಕುಣಿದಾಡಿಬಿಟ್ಟರು. ಹಾಗೆ ಅಚ್ಚು ಹಾಕಿದರೆ ಜನ ಎರಡು ಪಾಲು ಸೇರುತ್ತಾರಂತೆ.

ನೀನು ಹೆದರಬೇಡ. ನಮ್ಮ ಉನೈಸ್ ಜಿಂಕೆಯ ಹಾಗೆ ಓಡುವವನು. ಹಿಂದಿನಿಂದ ಬಂದು ಅವನನ್ನು ಹಿಡಿಯುವವನು ಆ ಕಡೆ ಹುಟ್ಟಿಲ್ಲ.

ತಮ್ಮ
ಇಮ್ತಿಯಾಝ್

*

ನರಿಕೊಂಬು
30-12-1998

ಇಮ್ತಿಯಾಝ್‌ಗೆ,

ಉಪವಾಸದ ತಿಂಗಳು, ಬೈಯಬಾರದು. ಆದರೂ ಬರೆಯುತ್ತೇನೆ.

ನಿನ್ನ ಹ್ಯಾಂಡ್‌ಬಿಲ್ ಬಂದಿದೆ. ನಿನ್ನ ಹೆಸರು ಮೇಲೆ, ದೊಡ್ಡದಾಗಿ. ಕೆಳಗೆ ದಪ್ಪ ಅಕ್ಷರದಲ್ಲಿ "ಪಂದ್ಯಾಟಗಳು ಹಳೆಯ ನಿಯಮದಂತೆ ನಡೆಯುವುವು" ಎಂದಿದೆ. ಅದರ ಕೆಳಗೆ "ತೀರ್ಪುಗಾರರ ತೀರ್ಮಾನವೇ ಅಂತಿಮ". ನಿನ್ನ ಭಾವ ಅದನ್ನು ಅಂಗಡಿಯ ಗೋಡೆಗೆ ಅಂಟಿಸಿದ್ದಾರೆ. ಹಾಲಿಗೆ ನೀರು ಬೆರೆಸುವುದಿಲ್ಲ ಎಂದು ಬೋರ್ಡು ಹಾಕುವವರನ್ನು ಕಂಡಿದ್ದೇನೆ. ಇಲ್ಲಿ ಕಾಲು ಮುರಿಯಬಹುದು ಎಂದು ಬೋರ್ಡು ಹಾಕುವವರನ್ನು ಕಂಡದ್ದು ಇದೇ ಮೊದಲು.

ರೆಫ್ರಿ ಬೆಳ್ತಂಗಡಿಯ ಧರ್ಣಪ್ಪ ಮಾಸ್ಟ್ರು, ಶಾಲೆಯಲ್ಲಿ ಮಕ್ಕಳಿಗೆ ಡ್ರಿಲ್ ಮಾಡಿಸುವವರು. ಬೆಲ್ಲಕ್ಕೆಂದು ಅಂಗಡಿಗೆ ಬಂದಿದ್ದರು, ನಾನೂ ಅಲ್ಲಿದ್ದೆ. ನಾಚಿಕೆ ಬಿಟ್ಟು ಕೇಳಿದೆ. "ಮಾಸ್ಟ್ರೇ, ಹಿಂದಿನಿಂದ ಬಂದು ಕಾಲಿಗೆ ಹೊಡೆದ್ರೆ ನೀವು ಪೀಪಿ ಊದುವುದಿಲ್ವಾ?"

ಅವರು ಬೆಲ್ಲದ ಅಚ್ಚು ಮೂಸಿ ನೋಡುತ್ತ ಹೇಳಿದರು, "ಊದಬಹುದು ಜುಲೈಕಕ್ಕ. ಊದಿದ ಮೇಲೆ ನನ್ನನ್ನು ಗದ್ದೆಯಿಂದ ಹೊರಗೆ ಯಾರು ಕರ್ಕೊಂಡು ಬರ್ತಾರೆ? ನೀವು ಬರ್ತೀರಾ?"

ಬೆಂಚಿನವರೆಲ್ಲ ನಕ್ಕರು. ಉನೈಸ್ ಎಲ್ಲರಿಗಿಂತ ಜೋರಾಗಿ ನಕ್ಕ. ಇವರು ಯಾರ ಕಾಲಿನ ಬಗ್ಗೆ ನಗುತ್ತಿದ್ದಾರೆ ಎಂದು ಅವನಿಗೆ ಹೊಳೆಯಲೇ ಇಲ್ಲ. ಅವನ ಕಾಲಿಗೆ ಏನಾದರೂ ಆದರೆ ನಿನ್ನನ್ನು ನಾನು ಕ್ಷಮಿಸುವುದಿಲ್ಲ. ಇದನ್ನು ಬೇಕಿದ್ದರೆ ರೂಮಿನಲ್ಲಿ ಗಟ್ಟಿಯಾಗಿ ಓದು.

ಜುಲೈಕಾ

*

ದಮ್ಮಾಮ್
16-2-1999

ಪ್ರೀತಿಯ ಅಕ್ಕನಿಗೆ,

ನಿನ್ನೆ ಭಾವನ ಫೋನು ಬಂತು. ಕಪ್ ನಮ್ಮದೇ! ನಾನು ಕೊಟ್ಟ ಕಪ್ ನನ್ನ ಅಳಿಯನ ಕೈಗೇ ಬಂತು ಎಂದರೆ ಇದಕ್ಕಿಂತ ಏನು ಬೇಕು? ರೂಮಿನವರಿಗೆಲ್ಲ ಹಲ್ವ ಹಂಚಿದೆ.

ಫೈನಲಿನಲ್ಲಿ ನಮಗೆ ಒಂದು ಗೋಲಿನ ಮುನ್ನಡೆ, ಇನ್ನೇನು ಮುಗಿಯಿತು ಎನ್ನುವಾಗ ಬೆಳುವಾಯಿಯ ಹುಡುಗನೊಬ್ಬ ಚೆಂಡು ಹೊಡೆದುಕೊಂಡು ಒಂಟಿಯಾಗಿ ಗೋಲಿಗೆ ನುಗ್ಗಿದನಂತೆ. ಎಲ್ಲರೂ ಕೈಬಿಟ್ಟಿದ್ದರಂತೆ. ಫಾರ್ವರ್ಡ್ ಆಡುತ್ತಿದ್ದ ನಮ್ಮ ಉನೈಸ್ ಇಡೀ ಗದ್ದೆ ಓಡಿ ಬಂದು ಅವನನ್ನು ಉರುಳಿಸಿ ಟೀಮನ್ನು ಉಳಿಸಿದನಂತೆ. ಹೊಸ ನಿಯಮ ಇದ್ದಿದ್ದರೆ ಕಪ್ ಹೋಗುತ್ತಿತ್ತು. ಆ ಹುಡುಗನಿಗೆ ಸ್ವಲ್ಪ ಪೆಟ್ಟಾಯಿತಂತೆ. ಆಟದಲ್ಲಿ ಅದೆಲ್ಲ ಉಂಟು.

ಸುಮ್ಮನೆ ಹೆದರಿದೆಯಲ್ಲ ಅಕ್ಕ, ನಿನ್ನ ಮಗನ ಕಾಲಿಗೆ ಒಂದು ಗೀರೂ ಇಲ್ಲ. ಈಗಲಾದರೂ ನಗು.

ಇಮ್ತಿಯಾಝ್

*

ನರಿಕೊಂಬು
3-3-1999

ಇಮ್ತಿಯಾಝ್,

ನಗು ಎಂದು ಬರೆದಿದ್ದೀಯ.

ಸ್ವಲ್ಪ ಪೆಟ್ಟಲ್ಲ. ಮೊಣಕಾಲಿನ ಕೆಳಗೆ ಎರಡೂ ಎಲುಬು ಮುರಿದಿದೆ. ಹುಡುಗನ ಹೆಸರು ರಂಜಿತ್. ತಂದೆ ಇಲ್ಲ, ತಾಯಿಗೆ ಅವನೇ ದಿಕ್ಕು. ಕಾಲಿನೊಳಗೆ ಕಬ್ಬಿಣದ ಸಲಾಕೆ ಇಟ್ಟಿದ್ದಾರಂತೆ. ಇದನ್ನು ನನಗೆ ಹೇಳಿದ್ದು ನನ್ನ ಮಗನಲ್ಲ, ಗಂಡನಲ್ಲ, ನನ್ನ ಹತ್ತಿರ ಬಟ್ಟೆ ಹೊಲಿಸಲಿಕ್ಕೆ ಬಂದ ನೆರೆಮನೆಯ ಝೈನಬ್.

ಆ ಸಂಜೆ ಇಲ್ಲಿ ಏನಾಯಿತು ಎಂದು ಹೇಳುತ್ತೇನೆ, ಕೇಳು. ಜೀಪಿನ ಮೇಲೆ ಕಪ್ ಇಟ್ಟು, ಪಟಾಕಿ ಹೊಡೆಯುತ್ತ ಬಂದರು. ಉನೈಸನನ್ನು ಹೆಗಲ ಮೇಲೆ ಹೊತ್ತು ತಂದರು. ಗೋಲು ಹೊಡೆದವನು ಬೇರೆ ಹುಡುಗ. ಅವನು ಹಿಂದೆ ನಡೆದು ಬರುತ್ತಿದ್ದ, ಅವನನ್ನು ಯಾರೂ ಹೊರಲಿಲ್ಲ. ಹೊತ್ತದ್ದು ಇನ್ನೊಬ್ಬನ ಕಾಲು ಮುರಿದವನನ್ನು. ಉನೈಸ್ ಜಗಲಿಯಲ್ಲಿ ನಿಂತು, ಹೇಗೆ ಜಾರಿದೆ, ಹೇಗೆ ತಾಗಿತು ಎಂದು ಕುರ್ಚಿ ಇಟ್ಟು ತೋರಿಸಿದ. ಕುರ್ಚಿ ಉರುಳಿತು. ಎಲ್ಲರೂ ಸಿಳ್ಳೆ ಹೊಡೆದರು. ಇನ್ನೊಮ್ಮೆ ತೋರಿಸು ಎಂದರು. ಇನ್ನೊಮ್ಮೆ ತೋರಿಸಿದ.

ನಾನು ಬೆಳುವಾಯಿಗೆ ಹೋಗಿ ಆ ತಾಯಿಯನ್ನು ಮಾತಾಡಿಸುವ ಎಂದು ಅವನನ್ನು ಕರೆದೆ.

"ಯಾಕೆ ಉಮ್ಮಾ? ನಾನು ತಪ್ಪು ಮಾಡಿದ್ದೇನಾ? ಧರ್ಣಪ್ಪ ಮಾಸ್ಟ್ರು ಊದಲೇ ಇಲ್ಲ ಅಲ್ವಾ?" ಎಂದ.

ಇಷ್ಟು ದಿನ ಅವನ ಕಾಲಿಗೆ ಹೆದರಿದೆ. ಕಾಲಿಗೆ ಏನೂ ಆಗಲಿಲ್ಲ. ಈಗ ಅವನಿಗೇ ಹೆದರುತ್ತಿದ್ದೇನೆ. ಹೆತ್ತ ಮಗನನ್ನು ನೋಡಿ ಅಸಹ್ಯ ಪಡುವುದು ಏನೆಂದು ನಿನಗೆ ಗೊತ್ತಾಗುವುದು ಬೇಡ.

ಹಲ್ವ ಚೆನ್ನಾಗಿತ್ತೇ?

ಜುಲೈಕಾ

*

ದಮ್ಮಾಮ್
22-4-1999

ಅಕ್ಕ,

ಬರೆಯುವುದು ಬೇಡ ಎಂದುಕೊಂಡಿದ್ದೆ. ಆದರೆ ಊರಿನಿಂದ ಬಂದವರೊಬ್ಬರ ಕೈಯಲ್ಲಿ ಪಂದ್ಯದ ವಿಡಿಯೊ ಕ್ಯಾಸೆಟ್ ಬಂತು. ನೋಡಿದೆ.

ರೂಮಿನವರೆಲ್ಲ ಸೇರಿ ಹಾಕಿದೆವು. ಉನೈಸ್ ಓಡಿ ಬರುವುದು ಕಂಡಾಗ ನಾನೂ ಎದ್ದು ನಿಂತು ಕೂಗಿದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಆ ಹುಡುಗ ಬಿದ್ದ. ಅವನ ಪಾದ ತಿರುಗಬಾರದ ಕಡೆಗೆ ತಿರುಗಿತ್ತು. ಅವನು "ಅಮ್ಮಾ" ಎಂದು ಕೂಗುವುದು ಕ್ಯಾಸೆಟ್ಟಿನಲ್ಲಿ ಕೇಳುತ್ತದೆ. ಅದರ ಮೇಲೆಯೇ ಮೈಕಿನವನ ದನಿ. ಎಷ್ಟು ಚಂದ ಹೇಳುತ್ತಾನೆ ಗೊತ್ತುಂಟಾ? "ಅದ್ಭುತ ತಡೆ! ಇಂಥ ರೋಮಾಂಚಕ ಪಂದ್ಯಾಟವನ್ನು ನಮಗೆ ಒದಗಿಸಿಕೊಟ್ಟ ದಮ್ಮಾಮಿನ ಜನಾಬ್ ಇಮ್ತಿಯಾಝ್ ಅವರಿಗೆ ಈ ಸಂದರ್ಭದಲ್ಲಿ ಕೃತಜ್ಞತೆಗಳು!" ಹುಡುಗ ಕೂಗುತ್ತಿದ್ದಾನೆ, ನನಗೆ ಕೃತಜ್ಞತೆ ಸಲ್ಲುತ್ತಿದೆ.

ರೂಮಿನವರು ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದರು. ನನ್ನ ಹೆಸರು ಬರುವಲ್ಲಿ ಮತ್ತೆ ಮತ್ತೆ ನಿಲ್ಲಿಸಿ ನನ್ನ ಬೆನ್ನು ತಟ್ಟಿದರು. ನನಗೆ ಅಲ್ಲಿ ಕೂರಲಾಗಲಿಲ್ಲ. ಹೊರಗೆ ಹೋಗಿ ವಾಂತಿ ಮಾಡಿದೆ. ಊಟ ಸರಿಯಿರಲಿಲ್ಲ ಎಂದು ಅವರಿಗೆ ಹೇಳಿದೆ.

ಆ ತಾಯಿಯ ಹೆಸರೇನು?

ಇಮ್ತಿಯಾಝ್

*

ನರಿಕೊಂಬು
12-5-1999

ಇಮ್ತಿಯಾಝ್‌ಗೆ,

ಸಲಾಂ. ಅವರ ಹೆಸರು ಶಶಿಪ್ರಭಾ. ಮೊನ್ನೆ ಹೋಗಿ ಬಂದೆ. ಬಾರದಿದ್ದರೆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಎಂದ ಮೇಲೆ ಉನೈಸನೂ ಬಂದ.

ಶಶಿಪ್ರಭಾ ಬೀಡಿ ಕಟ್ಟುತ್ತ ಕೂತಿದ್ದರು. ನಾವು ಯಾರೆಂದು ಹೇಳಿದಾಗ ಮಡಿಲಿನ ಬೀಡಿ ಮೊರವನ್ನು ಕೆಳಗಿಟ್ಟು ಉನೈಸನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಎದ್ದು ಚಾಪೆ ಹಾಕಿ, ಬೆಲ್ಲ ನೀರು ಕೊಟ್ಟರು.

ರಂಜಿತ್ ಮಂಚದ ಮೇಲೆ ಕಾಲು ನೀಡಿ ಕೂತಿದ್ದ. ಉನೈಸ್ ತಲೆ ತಗ್ಗಿಸಿ ನಿಂತ. ನನ್ನ ಮಗ ತಲೆ ತಗ್ಗಿಸಿದ್ದನ್ನು ನೋಡಿ ನನಗೆ ಒಂದು ಕ್ಷಣ ಎಷ್ಟು ಸಮಾಧಾನವಾಯಿತೆಂದರೆ ಕಣ್ಣು ತುಂಬಿತು. ಅಷ್ಟರಲ್ಲಿ ಆ ರಂಜಿತನೇ ಕೈ ನೀಡಿದ.

"ಬಾ ಮಾರಾಯ. ಎಂಥ ಹೊಡೆತ ಅದು! ನಾನಾದರೂ ಅದನ್ನೇ ಮಾಡ್ತಿದ್ದೆ. ರೆಡ್ ಕಾರ್ಡು ಗೀರ್ಡು ಎಲ್ಲ ಹೆಂಗಸರ ಆಟಕ್ಕೆ. ಮುಂದಿನ ವರ್ಷ ನನ್ನ ಸರದಿ ಉಂಟು, ನೆನಪಿಟ್ಟುಕೋ" ಎಂದ.

ಉನೈಸನ ಮುಖ ಅರಳಿತು. "ಬಾ ನೋಡುವ" ಎಂದ. ಇಬ್ಬರೂ ಕೈ ಹಿಡಿದುಕೊಂಡು ನಕ್ಕರು. ಹಳೆಯ ದೋಸ್ತಿಗಳ ಹಾಗೆ ನಕ್ಕರು.

ಶಶಿಪ್ರಭಾ ಲೋಟ ಎತ್ತಿಕೊಂಡು ಒಳಗೆ ಹೋದರು. ನಾನೂ ಹಿಂದೆ ಹೋದೆ. ಅವರೇ ಹೇಳಿದರು, "ಜುಲೈಕಕ್ಕ, ರಾತ್ರಿ ನೋವಿನಲ್ಲಿ ಎಷ್ಟು ಕೂಗ್ತಾನೆ ಗೊತ್ತುಂಟಾ? ಬೆಳಗಾದ್ರೆ ಇದೇ ಮಾತು. ಎದ್ದು ನಡೆದ ದಿನ ಇವ ಮೊದಲು ಹುಡುಕಿಕೊಂಡು ಬರುವುದು ನಿಮ್ಮ ಮಗನ ಕಾಲನ್ನು. ನೋಡಿಕೊಳ್ಳಿ."

ಬೆದರಿಸಿದ್ದಲ್ಲ. ಹೆದರಿ ಹೇಳಿದ್ದು.

ಅಕ್ಕ
ಜುಲೈಕಾ

*

ದಮ್ಮಾಮ್
20-1-2000

ಅಕ್ಕನಿಗೆ,

ಕಪ್ ಕೊಡುವುದಿಲ್ಲ, ಹಳೆಯ ನಿಯಮದ ಪಂದ್ಯಾಟ ನಿಲ್ಲಿಸಿ ಎಂದು ತೋಡಾರಿನವರಿಗೆ ಬರೆದಿದ್ದೆ. ಬಹಳ ಮರ್ಯಾದೆಯ ಉತ್ತರ ಬಂದಿದೆ. ಜುಬೈಲಿನಲ್ಲಿರುವ ಇಬ್ರಾಹಿಂ ಖಲೀಲ್ ಎನ್ನುವವರು ನನ್ನದಕ್ಕಿಂತ ದೊಡ್ಡ ಕಪ್ ಕೊಡುತ್ತಾರಂತೆ. ನನಗೆ ತೊಂದರೆಯಾಗುವುದು ಬೇಡವಂತೆ.

ಜೊತೆಗೆ ಪೋಸ್ಟರ್ ಕಳಿಸಿದ್ದಾರೆ. ಉನೈಸ್ ಒಂದು ಕಡೆ, ರಂಜಿತ್ ಒಂದು ಕಡೆ. ಉದ್ಘಾಟನೆಗೇ ಇಬ್ಬರ ಟೀಮಿನ ವಿಶೇಷ ಪಂದ್ಯ. ನಡುವೆ "ಲೆಕ್ಕ ಚುಕ್ತಾ!" ಎಂದು ಕೆಂಪು ಅಕ್ಷರ. ಮುರಿದ ಕಾಲನ್ನು ಸರ್ಕಸ್ಸಿನ ಹುಲಿಯ ಹಾಗೆ ತೋರಿಸಿ ಜನ ಸೇರಿಸುತ್ತಿದ್ದಾರೆ. ಈ ಆಟ ನೋಡಿಯೇ ಬೆಳೆದವನು ನಾನು. ಈಗ ಟಿ.ವಿ.ಯಲ್ಲಿ ಪಂದ್ಯ ಬಂದರೂ ಎದ್ದು ಹೋಗುತ್ತೇನೆ.

ಉನೈಸನಿಗೆ ಫೋನು ಮಾಡಿ ಆಡಬೇಡ ಎಂದೆ. "ಮಾಮ, ನೀವೂ ಬಳೆ ತೊಟ್ಟಿರಾ?" ಎಂದು ಕೇಳಿದ. ಇಟ್ಟುಬಿಟ್ಟೆ.

ಅವನನ್ನು ಹೇಗಾದರೂ ತಡೆ ಅಕ್ಕ. ನಿನ್ನ ಕಾಲಿಗೆ ಬೀಳುತ್ತೇನೆ.

ಇಮ್ತಿಯಾಝ್

*

ನರಿಕೊಂಬು
23-2-2000

ತಮ್ಮ ಇಮ್ತಿಯಾಝ್‌ಗೆ,

ಸಲಾಂ. ಇಷ್ಟರಲ್ಲಿ ನಿನಗೆ ಬೇರೆಯವರಿಂದ ಸುದ್ದಿ ಬಂದಿರಬಹುದು, ಬಣ್ಣ ಕಟ್ಟಿ. ನಡೆದದ್ದನ್ನು ನನ್ನಿಂದ ಕೇಳು.

ಉನೈಸ್ ನನ್ನ ಮಾತು ಕೇಳಲಿಲ್ಲ. ನಿನ್ನ ಭಾವ ಕೇಳುವುದು ಇರಲಿ, ಅಂಗಡಿಗೆ ಬೀಗ ಹಾಕಿ ಬೆಂಚಿನವರನ್ನೆಲ್ಲ ಕಟ್ಟಿಕೊಂಡು ಹೊರಟರು. ನಾನು ಬುರ್ಖಾ ಹಾಕಿ ಒಬ್ಬಳೇ ಬಸ್ಸು ಹತ್ತಿದೆ. ತೋಡಾರಿನಲ್ಲಿ ಶಶಿಪ್ರಭಾ ಕಾಯುತ್ತಿದ್ದರು. ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು. ಮಾಡುವುದೇನು ಎಂದು ಮಾತ್ರ ಇಬ್ಬರಿಗೂ ಗೊತ್ತಿರಲಿಲ್ಲ.

ಆ ಗದ್ದೆಯ ಸುತ್ತ ಅಷ್ಟು ಜನರಲ್ಲಿ ಹೆಂಗಸರು ನಾವಿಬ್ಬರೇ. ಮೊದಲರ್ಧ ಏನೂ ಆಗಲಿಲ್ಲ. ಏನೂ ಆಗಲಿಲ್ಲ ಎಂದು ಜನ ಬೈಯುತ್ತಿದ್ದರು. ಆಮೇಲೆ ಉನೈಸನಿಗೆ ಚೆಂಡು ಸಿಕ್ಕಿತು. ಗೋಲಿನ ಕಡೆ ಓಡಿದ. ಹಿಂದಿನಿಂದ ರಂಜಿತ್. ನಡೆಯುವಾಗ ಕಾಲು ಎಳೆಯುತ್ತಾನೆ, ಓಡುವಾಗ ಗೊತ್ತೇ ಆಗುವುದಿಲ್ಲ. ಇಡೀ ಗದ್ದೆ ಒಂದೇ ಗಂಟಲಲ್ಲಿ "ಕಾಲು ಹಾಕು! ಹಾಕು!" ಎಂದಿತು. ಹಾಕು ಎಂದವರಲ್ಲಿ ನಮ್ಮ ಕಡೆಯವರೂ ಇದ್ದರು. ಗುರುವಪ್ಪನ ದನಿ ನಾನು ಕೇಳಿದೆ. ಅವರಿಗೆ ಯಾರ ಕಾಲಾದರೂ ಆಗುತ್ತಿತ್ತು.

ಮೊದಲು ಎದ್ದದ್ದು ಶಶಿಪ್ರಭಾ. ಅವರ ಮಗನಿಗೆ ಪೆಟ್ಟಾಗುವುದಿರಲಿಲ್ಲ, ಪೆಟ್ಟು ಕೊಡುವವನು ಅವನು. ಆದರೂ ಸೆರಗು ಸಿಕ್ಕಿಸಿ ಗೋಲಿನೆದುರಿಗೆ ಓಡಿದರು. ನಾನೂ ಓಡಿದೆ. ಹುಡುಗರಿಬ್ಬರೂ ನಮ್ಮನ್ನು ಕಂಡು ಗಕ್ಕನೆ ನಿಂತರು. ಚೆಂಡು ಎಲ್ಲಿಗೋ ಹೋಯಿತು. ನಾವಿಬ್ಬರೂ ಭತ್ತದ ಕೂಳೆಯ ಮೇಲೆ ಕೂತುಬಿಟ್ಟೆವು.

ಏನೇನು ಬೈದರು ಎಂದು ಬರೆಯುವುದಿಲ್ಲ. ನೀರಿನ ಪೊಟ್ಟಣ ಎಸೆದರು. ಉನೈಸ್ ಬಂದು, "ಉಮ್ಮಾ, ಏಳಿ, ಮರ್ಯಾದೆ ಹೋಗ್ತದೆ" ಎಂದು ಅಳುವ ದನಿಯಲ್ಲಿ ಹೇಳಿದ. ರಂಜಿತ್ ತಾಯಿಯ ಕೈ ಹಿಡಿದು ಎಳೆದ. ಅವರು ಜಗ್ಗಲಿಲ್ಲ.

ಆಗ ಧರ್ಣಪ್ಪ ಮಾಸ್ಟ್ರು ಓಡುತ್ತ ಬಂದರು. ಒಬ್ಬನ ಕಾಲು ಎರಡು ತುಂಡಾದಾಗ ಊದದ ಪೀಪಿಯನ್ನು ನಮ್ಮ ಕಿವಿಯ ಹತ್ತಿರ ಊದಿದರು. ನಾವು ಏಳಲಿಲ್ಲ. ಅವರು ಒಮ್ಮೆ ಜನರನ್ನು ನೋಡಿದರು, ಕಿಸೆಗೆ ಕೈ ಹಾಕಿ ಕೆಂಪು ಕಾರ್ಡ್ ತೆಗೆದು ನನಗೊಮ್ಮೆ, ಶಶಿಪ್ರಭಾಗೊಮ್ಮೆ ಎತ್ತಿ ತೋರಿಸಿದರು. ಇಡೀ ಗದ್ದೆ ಬಿದ್ದು ಬಿದ್ದು ನಕ್ಕಿತು. ಆ ಕಾರ್ಡನ್ನು ಅವರು ಅಲ್ಲಿ ತೋರಿಸಿದ್ದು ಅದೇ ಮೊದಲು.

ಕತ್ತಲಾಗುವವರೆಗೆ ಕೂತೆವು. ನಗುವುದಕ್ಕೂ ಬೇಜಾರಾಗಿ ಜನ ಹೋದರು. ಪಂದ್ಯ ಮುಗಿಯಲಿಲ್ಲ.

ನಿನ್ನ ಭಾವ ನನ್ನೊಂದಿಗೆ ಮಾತಾಡುವುದಿಲ್ಲ. ಉನೈಸನೂ ಇಲ್ಲ. ಮುಖ ಊದಿಸಿಕೊಂಡು, ಚಾವಡಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಚಾವಡಿಗೆ, ನೆಲ ಅದುರುವ ಹಾಗೆ ದಡದಡ ಹೆಜ್ಜೆ ಹಾಕಿ ತಿರುಗುತ್ತಾನೆ. ಇದನ್ನು ಬರೆಯುವಾಗಲೂ ತಿರುಗುತ್ತಿದ್ದಾನೆ. ನಾನು ಕೇಳುತ್ತ ಕೂತಿದ್ದೇನೆ. ಎರಡೂ ಕಾಲು ಬಡಿಯುತ್ತಿದೆ.

ಅಕ್ಕ
ಜುಲೈಕಾ